ಚಳಿಯ ಮುಂಜಾನೆ ಚಾಲೂ ಆಗದ ಸ್ವಚ್ಛ ವಾಹಿನಿ: ಪರೀಕ್ಷೆ ಮೊದಲು, ಬಿಡಿಭಾಗ ಆಮೇಲೆ

ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ



ಮಾರ್ಗಶಿರ ಮತ್ತು ಪುಷ್ಯ ಮಾಸಗಳಲ್ಲಿ ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಒಂದು ಬಗೆಯ ದೂರು ತಪ್ಪದೆ ಬರುತ್ತದೆ. ಬೆಳಿಗ್ಗೆ ಆರು ಗಂಟೆಗೆ ಹೊರಡಬೇಕಾದ ಸ್ವಚ್ಛ ವಾಹಿನಿ ಏಳೂವರೆಯಾದರೂ ಹೊರಟಿರುವುದಿಲ್ಲ. ಚಾಲಕಿ ಕೀಲಿ ತಿರುಗಿಸುತ್ತಲೇ ಇರುತ್ತಾರೆ. ಎಂಜಿನ್ ನರಳುತ್ತದೆ, ಹೊಗೆ ಉಗುಳುತ್ತದೆ, ನಿಲ್ಲುತ್ತದೆ. ಕೊನೆಗೆ ನಾಲ್ಕು ಜನ ಸೇರಿ ತಳ್ಳುತ್ತಾರೆ. ವಾಹನ ಕೇರಿಗೆ ತಲುಪುವಷ್ಟರಲ್ಲಿ ಮನೆಯವರು ಹೊಲಕ್ಕೋ ಕೂಲಿಗೋ ಹೋಗಿರುತ್ತಾರೆ. ಹಸಿ ಕಸದ ಬುಟ್ಟಿ ಜಗುಲಿಯ ಮೇಲೆಯೇ ಉಳಿಯುತ್ತದೆ. ಎರಡು ದಿನ ಹೀಗಾದರೆ ಕಸ ಚರಂಡಿ ಸೇರುತ್ತದೆ; ವಾರ ಹೀಗಾದರೆ ವರ್ಷವಿಡೀ ಹೇಳಿ ರೂಢಿಸಿದ ಹಸಿ ಕಸ, ಒಣ ಕಸ ಬೇರ್ಪಡಿಸುವ ಅಭ್ಯಾಸವೇ ಕೈಬಿಟ್ಟು ಹೋಗುತ್ತದೆ.

ನಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲ ದೋಷಾರೋಪ ಚಾಲಕಿಯ ಮೇಲೆ ಬರುತ್ತದೆ. ತರಬೇತಿ ಪಡೆದು, ಪರವಾನಗಿ ಪಡೆದು, ಊರಿನವರ ಮಾತುಗಳನ್ನು ಎದುರಿಸಿ ಚಾಲಕಿಯ ಆಸನದಲ್ಲಿ ಕುಳಿತ ಮಹಿಳೆಗೆ "ಗಾಡಿ ಹಿಡಿತಕ್ಕೆ ಬಂದಿಲ್ಲ" ಎಂಬ ಮಾತು ಕೇಳಬೇಕಾಗುತ್ತದೆ. ಎರಡನೆಯ ಪೆಟ್ಟು ಪಂಚಾಯಿತಿ ನಿಧಿಗೆ. ಹೊಸ ಬ್ಯಾಟರಿ, ಅನಂತರ ಸ್ಟಾರ್ಟರ್ ದುರಸ್ತಿ, ಅದರ ನಂತರ ಇಂಜೆಕ್ಟರ್ ಸೇವೆ ಎಂದು ಬಿಲ್ಲುಗಳು ಒಂದರ ಹಿಂದೆ ಒಂದು ಸಾಮಾನ್ಯ ಸಭೆಯ ಮುಂದೆ ಬರುತ್ತವೆ. ವಾಹನ ಮಾತ್ರ ಮರುವಾರ ಮತ್ತೆ ನಿಲ್ಲುತ್ತದೆ.

ಈ ಉಪನ್ಯಾಸದ ಉದ್ದೇಶ ಸದಸ್ಯರನ್ನು ಮೆಕ್ಯಾನಿಕ್‌ಗಳನ್ನಾಗಿ ಮಾಡುವುದಲ್ಲ. ದುರಸ್ತಿಯ ಬಿಲ್ಲಿಗೆ ಅನುಮೋದನೆ ನೀಡುವ ಅಧಿಕಾರ ಇರುವವರಿಗೆ, ಆ ದುರಸ್ತಿಗೆ ಮುನ್ನ ಯಾವ ಪರೀಕ್ಷೆ ನಡೆಯಬೇಕಿತ್ತು ಎಂಬ ತಿಳಿವಳಿಕೆಯೂ ಇರಬೇಕು ಎಂಬುದಷ್ಟೇ ಇದರ ಆಶಯ.

ಚಳಿ ಕಾರಣವೇ, ಪರೀಕ್ಷಕನೇ?

"ಚಳಿಗಾಲ ಅಲ್ಲವೇ, ಹಾಗಾಗುವುದು ಸಹಜ" ಎಂಬ ಸಮಾಧಾನವನ್ನು ಮೊದಲು ಬದಿಗಿಡಬೇಕು. ಬೀದರ್, ವಿಜಯಪುರ ಭಾಗಗಳಲ್ಲಿ ಚಳಿಗಾಲದ ಕೆಲವು ಮುಂಜಾನೆಗಳಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಮಲೆನಾಡಿನಲ್ಲಿಯೂ ಚಳಿ ಸಾಕಷ್ಟಿರುತ್ತದೆ. ಆದರೆ ಎಂಜಿನ್‌ನ ದೃಷ್ಟಿಯಿಂದ ಇದು ಕಠಿಣ ಚಳಿಯಲ್ಲ. ಇಂತಹವೇ ವಾಹನಗಳು ಹಿಮಾಚಲ ಪ್ರದೇಶದಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿನ ಚಳಿಯಲ್ಲಿ ಹೊರಡುತ್ತವೆ. ಡೀಸೆಲ್ ಹೆಪ್ಪುಗಟ್ಟುವ ಪ್ರಶ್ನೆ ನಿಜವಾಗಿ ಏಳುವುದು ಲಡಾಖ್‌ನಂತಹ ಪ್ರದೇಶದಲ್ಲಿ. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆಯು 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಗುಣ ಉಳಿಸಿಕೊಳ್ಳುವ ವಿಶೇಷ ಡೀಸೆಲ್ ಅನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕದ ಯಾವ ಹಳ್ಳಿಗೂ ಅದರ ಅಗತ್ಯವಿಲ್ಲ.

ಆದ್ದರಿಂದ 12 ಅಥವಾ 15 ಡಿಗ್ರಿಯ ಮುಂಜಾನೆ ವಾಹನ ಚಾಲೂ ಆಗದಿದ್ದರೆ, ದೋಷ ಬೇಸಿಗೆಯಲ್ಲಿಯೂ ವಾಹನದೊಳಗೆ ಇದ್ದೇ ಇತ್ತು ಎಂದು ತಿಳಿಯಬೇಕು. ಚಳಿ ಅದನ್ನು ಹೊರಗೆಳೆದು ತೋರಿಸಿದೆ. ಬರಗಾಲದಲ್ಲಿ ಕೆರೆಯ ಹೂಳು ಕಾಣುವಂತೆ, ಚಳಿಯಲ್ಲಿ ಎಂಜಿನ್‌ನ ಬಡತನ ಕಾಣುತ್ತದೆ.

ಚಳಿ ಮಾಡುವುದಾದರೂ ಏನು? ಪೆಟ್ರೋಲ್ ಎಂಜಿನ್‌ನಲ್ಲಿರುವಂತೆ ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಮೂಲ ಗಾತ್ರದ ಸುಮಾರು 16ರಿಂದ 22ನೆಯ ಒಂದು ಭಾಗಕ್ಕೆ ಅದುಮಲಾಗುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವಂತೆಯೇ ಇಲ್ಲಿಯೂ ಗಾಳಿ ಬಿಸಿಯಾಗಿ, ಸುಸ್ಥಿತಿಯ ಎಂಜಿನ್‌ನಲ್ಲಿ 500 ಡಿಗ್ರಿಯನ್ನು ದಾಟುತ್ತದೆ. ಆ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಕ್ರಿಯೆಗೆ ಮೂರು ಆಧಾರಗಳು ಬೇಕು: ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಅದುಮಿದ ಗಾಳಿ ಸಾಕಷ್ಟು ಬಿಸಿಯಾಗಬೇಕು, ಇಂಧನ ಸರಿಯಾದ ಸಮಯಕ್ಕೆ ಸರಿಯಾದ ಪ್ರಮಾಣದಲ್ಲಿ ಬರಬೇಕು.

ಚಳಿ ಈ ಮೂರನ್ನೂ ಸ್ವಲ್ಪ ಸ್ವಲ್ಪ ಕುಗ್ಗಿಸುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ, ಎಂಜಿನ್ ಎಣ್ಣೆ ಗಟ್ಟಿಯಾಗಿ ತಿರುಗುವಿಕೆಗೆ ಅಡ್ಡಿಯಾಗುತ್ತದೆ, ತಣ್ಣನೆಯ ಸಿಲಿಂಡರ್ ಗೋಡೆ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಮೂರೂ ಆಧಾರಗಳು ಗಟ್ಟಿಯಾಗಿದ್ದರೆ ಈ ಕುಗ್ಗುವಿಕೆ ಲೆಕ್ಕಕ್ಕೆ ಬರುವುದಿಲ್ಲ. ಒಂದು ಆಧಾರ ಮೊದಲೇ ಸಡಿಲವಾಗಿದ್ದರೆ ಎಂಜಿನ್ ಸೋಲುತ್ತದೆ. ಯಾವ ಆಧಾರ ಸಡಿಲವಾಗಿದೆ ಎಂದು ಕಂಡುಹಿಡಿಯುವುದೇ ದೋಷಪತ್ತೆ.

ಗ್ಯಾರೇಜಿನಲ್ಲಿ ದೋಷ ಏಕೆ ಕಾಣುವುದಿಲ್ಲ?

ಈ ದೋಷ ತಣ್ಣಗಿನ ಎಂಜಿನ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ತಳ್ಳಿ ಚಾಲೂ ಮಾಡಿದ ವಾಹನವನ್ನು ಹತ್ತು ಕಿಲೋಮೀಟರ್ ಓಡಿಸಿಕೊಂಡು ಗ್ಯಾರೇಜಿಗೆ ಒಯ್ದರೆ, ಅಲ್ಲಿಗೆ ತಲುಪುವ ವೇಳೆಗೆ ಎಂಜಿನ್ ಬಿಸಿಯಾಗಿರುತ್ತದೆ, ಬ್ಯಾಟರಿಗೂ ಸ್ವಲ್ಪ ಚಾರ್ಜ್ ಸೇರಿರುತ್ತದೆ. ಮೆಕ್ಯಾನಿಕ್ ಕೀಲಿ ತಿರುಗಿಸಿದೊಡನೆ ವಾಹನ ಚಾಲೂ ಆಗುತ್ತದೆ. ಕಣ್ಣಿಗೆ ಕಾಣದ ದೋಷವನ್ನು ಹುಡುಕಬೇಕಾದ ಅವರು ಅನುಭವದ ಊಹೆಯ ಮೇಲೆ ಒಂದು ಬಿಡಿಭಾಗ ಬದಲಿಸುತ್ತಾರೆ. ಊಹೆ ಸರಿಯಿದ್ದರೆ ಅದೃಷ್ಟ. ತಪ್ಪಿದ್ದರೆ ಮುಂದಿನ ಮುಂಜಾನೆ ಮತ್ತದೇ ಕಥೆ.

ಇದಕ್ಕೆ ಪರಿಹಾರ ಸರಳ. ಪರೀಕ್ಷೆಗೆ ಒಳಗಾಗುವ ವಾಹನ ಕನಿಷ್ಠ ಎಂಟು ಗಂಟೆ ನಿಂತಿರಬೇಕು. ವಾಹನವನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬೆಳಿಗ್ಗೆ ಮೊದಲ ಬಾರಿಗೆ ಮೆಕ್ಯಾನಿಕ್ ಎದುರಿನಲ್ಲಿಯೇ ಚಾಲೂ ಮಾಡಿಸಬೇಕು, ಇಲ್ಲವೇ ಮೆಕ್ಯಾನಿಕ್ ಅವರನ್ನು ಮುಂಜಾನೆ ವಾಹನ ನಿಂತಿರುವ ಜಾಗಕ್ಕೇ ಕರೆಸಬೇಕು. ದಿನದ ಮೊದಲ ಚಾಲನೆ ದಿನಕ್ಕೆ ಒಮ್ಮೆ ಮಾತ್ರ ಸಿಗುವ ಸಾಕ್ಷ್ಯ. ಅದನ್ನು ವ್ಯರ್ಥ ಮಾಡಬಾರದು.

ಚಾಲಕಿ ಗಮನಿಸಬೇಕಾದ ಮೂರು ಸಂಗತಿಗಳು

ಆ ಮೊದಲ ಚಾಲನೆಯನ್ನು ಪ್ರತಿದಿನ ನೋಡುವವರು ಚಾಲಕಿ ಒಬ್ಬರೇ. ಯಾವ ಉಪಕರಣವೂ ಇಲ್ಲದೆ ಅವರು ನೀಡಬಹುದಾದ ಮಾಹಿತಿ ಅರ್ಧ ದೋಷಪತ್ತೆಯನ್ನು ಮುಗಿಸುತ್ತದೆ.

ಮೊದಲನೆಯದು ಸದ್ದು. ಕೀಲಿ ತಿರುಗಿಸಿದಾಗ ಎಂಜಿನ್ ಎಂದಿನ ಚುರುಕಿನಲ್ಲಿ ತಿರುಗುತ್ತಿದೆಯೇ, ಏದುಸಿರು ಬಿಡುವಂತೆ ನಿಧಾನವಾಗಿ ತಿರುಗುತ್ತಿದೆಯೇ ಅಥವಾ ಬರಿದೇ ಟಕ್ ಎಂಬ ಸದ್ದು ಬಂದು ನಿಲ್ಲುತ್ತಿದೆಯೇ? ನಿಧಾನವಾಗಿ ತಿರುಗಿದರೂ ಟಕ್ ಎಂದು ನಿಂತರೂ ದೋಷ ವಿದ್ಯುತ್ ಭಾಗದಲ್ಲಿದೆ: ಬ್ಯಾಟರಿ, ತಂತಿ ಅಥವಾ ಸ್ಟಾರ್ಟರ್. ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿ ಬದಲಿಸುವುದರಿಂದ ಪ್ರಯೋಜನವಿಲ್ಲ.

ಎರಡನೆಯದು ಹೊಗೆ. ಎಂಜಿನ್ ಚುರುಕಾಗಿ ತಿರುಗುತ್ತಿರುವಾಗ ಕೊಳವೆಯಿಂದ ಹೊಗೆಯೇ ಬಾರದಿದ್ದರೆ ಸಿಲಿಂಡರಿಗೆ ಇಂಧನ ತಲುಪುತ್ತಿಲ್ಲ ಎಂದರ್ಥ. ಕಣ್ಣು ಉರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಇಂಧನ ತಲುಪುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ಆಗ ಗ್ಲೋ ಪ್ಲಗ್ ಅಥವಾ ಸಿಲಿಂಡರಿನ ಒತ್ತಡದತ್ತ ನೋಡಬೇಕು. ನೀಲಿ ಛಾಯೆಯ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವ ಸೂಚನೆ.

ಮೂರನೆಯದು ಚಾಲೂ ಆದ ಮೇಲಿನ ನಡವಳಿಕೆ. ಕೂಡಲೇ ಚಾಲೂ ಆಗಿ, ಕೆಲವು ಕ್ಷಣ ಓಡಿ, ಉಸಿರು ಕಟ್ಟಿದಂತೆ ನಿಂತುಹೋದರೆ ಇಂಧನದ ದಾರಿಯಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ಚಾಲೂ ಆಗಿ ಒಂದೆರಡು ನಿಮಿಷ ಗಡಗಡ ನಡುಗಿ, ಬಿಳಿ ಹೊಗೆ ಬಿಟ್ಟು, ಆಮೇಲೆ ಸರಿಹೋದರೆ ಒಂದು ಸಿಲಿಂಡರ್ ತಡವಾಗಿ ಕೆಲಸಕ್ಕೆ ಸೇರುತ್ತಿದೆ ಎಂದು ತಿಳಿಯಬಹುದು.

ಈ ಮೂರು ಸಂಗತಿಗಳನ್ನು ಲಾಗ್ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ಬರೆದ ದಿನಾಂಕ, ಮೊದಲ ಚಾಲನೆಯ ಸಮಯ, ಎಷ್ಟು ಪ್ರಯತ್ನ ಬೇಕಾಯಿತು ಎಂಬುದೂ ಜೊತೆಗಿದ್ದರೆ ಹತ್ತು ದಿನಗಳಲ್ಲಿ ಒಂದು ಸ್ಪಷ್ಟ ಚಿತ್ರ ಮೂಡುತ್ತದೆ. ಅದು ಚಾಲಕಿಯ ರಕ್ಷಣೆಗೂ ಇರುವ ದಾಖಲೆ.

ಪರೀಕ್ಷೆಯ ಕ್ರಮ

ದುರಸ್ತಿಯಲ್ಲಿ ಕ್ರಮಕ್ಕೆ ಒಂದು ನಿಯಮವಿದೆ: ಖರ್ಚಿಲ್ಲದ ಪರೀಕ್ಷೆ ಮೊದಲು, ಅಲ್ಪ ಖರ್ಚಿನದು ಅನಂತರ, ಎಂಜಿನ್ ಬಿಚ್ಚುವುದು ಕಟ್ಟಕಡೆಗೆ.

ಮೊದಲ ಹಂತ ಬ್ಯಾಟರಿ. ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರ್ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಇರಬೇಕಾದ ಉಪಕರಣ. ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ಪೂರ್ಣ ತುಂಬಿದೆ. 12.2 ವೋಲ್ಟ್ ಎಂದರೆ ಸುಮಾರು ಅರ್ಧ ಮಾತ್ರ ಉಳಿದಿದೆ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. 12ಕ್ಕೂ 12.6ಕ್ಕೂ ನಡುವಿನ ಅಂತರ ಅಲ್ಪವೆನಿಸಿದರೂ ಬ್ಯಾಟರಿಯ ಭಾಷೆಯಲ್ಲಿ ಅದು ಹಸಿದ ಹೊಟ್ಟೆಗೂ ತುಂಬಿದ ಹೊಟ್ಟೆಗೂ ಇರುವ ಅಂತರ. ಕೀಲಿ ತಿರುಗಿಸಿ ಎಂಜಿನ್ ತಿರುಗುತ್ತಿರುವಾಗ ವೋಲ್ಟೇಜ್ ಇಳಿಯುವುದು ಸಹಜ. ಆದರೆ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಸಂಶಯ ಪಡಬೇಕು. ಎಂಜಿನ್ ಓಡುತ್ತಿರುವಾಗ 13.8ರಿಂದ 14.5 ವೋಲ್ಟ್ ಬರಬೇಕು. ಬಾರದಿದ್ದರೆ ದೋಷ ಬ್ಯಾಟರಿಯದಲ್ಲ, ಅದಕ್ಕೆ ಊಟ ಬಡಿಸುವ ಆಲ್ಟರ್ನೇಟರ್‌ನದು ಅಥವಾ ಅದರ ಬೆಲ್ಟಿನದು. ಅಂತಹ ವಾಹನಕ್ಕೆ ಹೊಸ ಬ್ಯಾಟರಿ ಹಾಕಿದರೆ ಕೆಲವೇ ದಿನಗಳಲ್ಲಿ ಅದೂ ಸೊರಗುತ್ತದೆ.

ಎರಡನೆಯ ಹಂತ ತಂತಿ ಮತ್ತು ಜೋಡಣೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅತಿ ಕಡಿಮೆ ಖರ್ಚಿನ ಪರಿಹಾರ ಇರುವುದೂ, ಅತಿ ಹೆಚ್ಚು ಬಾರಿ ಕಡೆಗಣಿಸಲ್ಪಡುವುದೂ ಈ ಹಂತವೇ. ಸ್ಟಾರ್ಟರ್ ಮೋಟಾರ್ 200 ಆಂಪಿಯರ್ ವಿದ್ಯುತ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ದಾರಿಯಲ್ಲಿ ಎಲ್ಲಿಯಾದರೂ ಒಂದು ಓಮ್‌ನ ಇನ್ನೂರನೆಯ ಒಂದು ಭಾಗದಷ್ಟು ಅಡ್ಡಿಯಿದ್ದರೂ ಅಲ್ಲಿ ಪೂರ್ತಿ 1 ವೋಲ್ಟ್ ನಷ್ಟವಾಗುತ್ತದೆ. ಬ್ಯಾಟರಿ ಕಂಬದ ಮೇಲಿನ ಬಿಳಿ ಪುಡಿ, ಸಡಿಲವಾದ ನಟ್ಟು, ಎಂಜಿನ್‌ನಿಂದ ಚಾಸಿಗೆ ಹೋಗುವ ತುಕ್ಕು ಹಿಡಿದ ಭೂಸಂಪರ್ಕ ಪಟ್ಟಿ, ಇವುಗಳಲ್ಲಿ ಯಾವುದಾದರೂ ಸಾಕು ಈ ಅಡ್ಡಿಗೆ. ಕಸದ ವಾಹನದಲ್ಲಿ ತ್ಯಾಜ್ಯದ ನೀರು ಸೋರಿ, ದಿನವೂ ತೊಳೆದು, ತುಕ್ಕು ಬೇಗನೆ ಹಿಡಿಯುತ್ತದೆ ಎಂಬುದನ್ನು ನೆನಪಿಡಬೇಕು.

ಇದರ ಪರೀಕ್ಷೆ ಹೀಗೆ: ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬಕ್ಕೆ, ಇನ್ನೊಂದನ್ನು ಎಂಜಿನ್‌ನ ಶುಭ್ರವಾದ ಲೋಹದ ಭಾಗಕ್ಕೆ ಹಿಡಿದು, ಮತ್ತೊಬ್ಬರು ಕೀಲಿ ತಿರುಗಿಸಬೇಕು. ಅಂಕಿ 0.2 ಅಥವಾ 0.3 ವೋಲ್ಟ್ ಒಳಗಿದ್ದರೆ ಭೂಸಂಪರ್ಕ ಸರಿಯಾಗಿದೆ. ಅದು 1 ವೋಲ್ಟ್ ಸಮೀಪಿಸಿದರೆ ದೋಷ ಸಿಕ್ಕಿತು. ಧನ ಕಂಬದಿಂದ ಸ್ಟಾರ್ಟರ್‌ವರೆಗೂ ಇದೇ ರೀತಿ ಅಳೆಯಬಹುದು; ಅಲ್ಲಿ ಅರ್ಧ ವೋಲ್ಟ್‌ಗಿಂತ ಹೆಚ್ಚು ನಷ್ಟ ಇರಬಾರದು. ಪರಿಹಾರ ಮರಳು ಕಾಗದ, ಬಿಗಿಯಾದ ನಟ್ಟು, ಅಗತ್ಯವಿದ್ದರೆ ಹೊಸ ಪಟ್ಟಿ. ಈ ಎರಡೂ ಅಂಕಿಗಳು ಸರಿಯಿದ್ದು, ಬ್ಯಾಟರಿಯೂ ಸರಿಯಿದ್ದು, ಎಂಜಿನ್ ಇನ್ನೂ ನಿಧಾನವಾಗಿ ತಿರುಗುತ್ತಿದ್ದರೆ ಆಗ ಸ್ಟಾರ್ಟರ್ ಬಿಚ್ಚಲು ಕಾರಣವಿದೆ. ಜೊತೆಗೆ ಎಂಜಿನ್‌ಗೆ ಹಾಕಿರುವ ಎಣ್ಣೆ ತಯಾರಕರು ಸೂಚಿಸಿದ ದರ್ಜೆಯದೇ ಎಂದೂ ನೋಡಬೇಕು. ಡಬ್ಬಿಯ ಮೇಲಿನ 15ಡಬ್ಲ್ಯು-40 ಎಂಬಂತಹ ಬರಹದಲ್ಲಿ ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿನ ಗುಣವನ್ನು ಸೂಚಿಸುತ್ತದೆ. ಅದು ಹೆಚ್ಚಿದಷ್ಟೂ ಚಳಿಯಲ್ಲಿ ಎಣ್ಣೆ ಹೆಚ್ಚು ಗಟ್ಟಿ.

ಮೂರನೆಯ ಹಂತ ಗ್ಲೋ ಪ್ಲಗ್. ತಣ್ಣಗಿನ ಸಿಲಿಂಡರಿಗೆ ಮೊದಲ ಬಿಸಿ ಕೊಡುವ ಪುಟ್ಟ ಕಾಯಿಸುವ ಕಡ್ಡಿ ಇದು. ತುದಿ ಕೆಂಪಗೆ ಕಾಯ್ದು 850 ಡಿಗ್ರಿಗೂ ಮೇಲೇರುತ್ತದೆ. ಇದು ಇರುವ ವಾಹನಗಳಲ್ಲಿ ಕೀಲಿಯನ್ನು ಅರ್ಧ ತಿರುಗಿಸಿದಾಗ ಸುರುಳಿಯ ಗುರುತಿನ ದೀಪ ಬೆಳಗುತ್ತದೆ. ಆ ದೀಪ ಆರುವವರೆಗೆ ಕಾಯದೆ ಪೂರ್ತಿ ತಿರುಗಿಸುವುದು ಸಾಮಾನ್ಯ ತಪ್ಪು. ಕೆಲವು ವಾಹನಗಳಲ್ಲಿ ಕಾಯುವುದನ್ನು ಕಲಿತೊಡನೆಯೇ ಸಮಸ್ಯೆ ಮುಗಿಯುತ್ತದೆ. ಕಾದರೂ ಪ್ರಯೋಜನವಾಗದಿದ್ದರೆ, ಪ್ಲಗ್‌ಗೆ ಬರುವ ತಂತಿ ಕಳಚಿ ಮಲ್ಟಿಮೀಟರಿನಲ್ಲಿ ಅದರ ರೋಧ ಅಳೆಯಬೇಕು. ಸುಸ್ಥಿತಿಯ ಪ್ಲಗ್ ಸಾಮಾನ್ಯವಾಗಿ ಒಂದೆರಡು ಓಮ್‌ಗಳೊಳಗೆ ತೋರಿಸುತ್ತದೆ. ಸುಟ್ಟ ಪ್ಲಗ್‌ನಲ್ಲಿ ವಿದ್ಯುತ್ ಹರಿಯುವುದೇ ಇಲ್ಲ. ಎರಡೇ ಸಿಲಿಂಡರಿನ ಸಣ್ಣ ಎಂಜಿನ್‌ನಲ್ಲಿ ಒಂದು ಪ್ಲಗ್ ಸುಟ್ಟರೆ ಅರ್ಧ ಎಂಜಿನ್ ಮಲಗಿದಂತೆಯೇ. ಪ್ಲಗ್‌ಗಳು ಸರಿಯಿದ್ದರೆ ಅವಕ್ಕೆ ವಿದ್ಯುತ್ ಕಳಿಸುವ ಫ್ಯೂಸ್ ಮತ್ತು ರಿಲೇ ನೋಡಬೇಕು. ಪ್ಲಗ್ ಅನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿ ಪರೀಕ್ಷಿಸುವ ಹಳೆಯ ರೂಢಿಯನ್ನು ಹೊಸ ವಾಹನಗಳಲ್ಲಿ ಬಿಡಬೇಕು. ಅವುಗಳಲ್ಲಿ ಕೆಲವು ಪ್ಲಗ್‌ಗಳು ಸುಮಾರು 5 ವೋಲ್ಟ್‌ಗೆ ರೂಪಿಸಿದವು. 12 ವೋಲ್ಟ್ ತಗಲಿದರೆ ಒಳ್ಳೆಯ ಪ್ಲಗ್ ಕೂಡ ಸುಟ್ಟುಹೋಗುತ್ತದೆ.

ನಾಲ್ಕನೆಯ ಹಂತ ಇಂಧನ. ಇಂಧನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ರಾತ್ರಿ ನಿಂತಾಗ ಅದರೊಳಗೆ ಗಾಳಿ ನುಗ್ಗಿ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಹಿಂದಿರುಗುತ್ತದೆ. ಡೀಸೆಲ್ ಸೋರಿದ ಕಲೆ ಹೊರಗೆ ಕಾಣಲೇಬೇಕೆಂದಿಲ್ಲ. ಕೈಪಂಪು ಇರುವ ವಾಹನದಲ್ಲಿ ಮೊದಲ ಚಾಲನೆಗೆ ಮುನ್ನ ಅದನ್ನು ಗಟ್ಟಿಯಾಗುವವರೆಗೆ ಒತ್ತಬೇಕು. ಒತ್ತಿದ ದಿನ ಸುಲಭವಾಗಿ ಚಾಲೂ ಆಗಿ, ಒತ್ತದ ದಿನ ಆಗದಿದ್ದರೆ ದೋಷ ಗಾಳಿಯದೇ. ಕೊಳವೆ, ಕ್ಲಿಪ್ಪು, ಫಿಲ್ಟರಿನ ರಬ್ಬರ್ ಉಂಗುರ ಇವುಗಳನ್ನು ಸರಿಪಡಿಸಿದರೆ ಮುಗಿಯಿತು. ಫಿಲ್ಟರ್ ಬದಲಿಸಿದ ಮರುದಿನದಿಂದ ಸಮಸ್ಯೆ ಆರಂಭವಾಗಿದ್ದರೆ ಮೊದಲು ನೋಡಬೇಕಾದದ್ದು ಆ ಉಂಗುರವನ್ನೇ. ಫಿಲ್ಟರಿನ ಕೆಳಭಾಗದಲ್ಲಿ ಸೇರುವ ನೀರನ್ನೂ ಆಗಾಗ ಹೊರಬಿಡಬೇಕು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಇಂಧನದ ಒತ್ತಡ 1,000 ಬಾರ್ ಮೀರಬಹುದು. ಓಡುವ ಎಂಜಿನ್‌ನಲ್ಲಿ ಅವುಗಳ ಒತ್ತಡದ ಕೊಳವೆಯನ್ನು ಸಡಿಲಿಸಿ ನೋಡುವುದು ಪ್ರಾಣಾಪಾಯಕಾರಿ. ಆ ಧಾರೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಅಂತಹ ವಾಹನವನ್ನು ಸ್ಕ್ಯಾನರ್ ಇರುವ ಕಾರ್ಯಾಗಾರದಲ್ಲಿಯೇ ಪರೀಕ್ಷಿಸಬೇಕು.

ಕಡೆಯ ಹಂತ ಸಿಲಿಂಡರಿನ ಒತ್ತಡ. ಮೇಲಿನ ಎಲ್ಲವೂ ಸರಿಯಿದ್ದು ಬಿಳಿ ಅಥವಾ ನೀಲಿ ಹೊಗೆ ಮುಂದುವರಿದರೆ ಒತ್ತಡ ಮಾಪಕದಿಂದ ಪ್ರತಿ ಸಿಲಿಂಡರನ್ನೂ ಅಳೆಯಬೇಕು. ಎಂಜಿನ್ ಬಿಚ್ಚುವ ಪ್ರಸ್ತಾವಕ್ಕೆ ಈ ಅಂಕಿಗಳೇ ಆಧಾರ. ಅಂಕಿಗಳಿಲ್ಲದ ಪ್ರಸ್ತಾವವನ್ನು ಸಭೆ ಹಿಂದಿರುಗಿಸುವುದು ಒಳಿತು. ಉಂಗುರಗಳು ಬೇಗ ಸವೆಯಲು ಧೂಳು ಕಾರಣ, ಧೂಳಿಗೆ ಶುಚಿಗೊಳಿಸದ ಗಾಳಿ ಫಿಲ್ಟರ್ ಕಾರಣ ಎಂಬುದನ್ನೂ ಮರೆಯಬಾರದು.

ಪೆಟ್ರೋಲ್ ವಾಹನಗಳಲ್ಲಿ ಮೊದಲೆರಡು ಹಂತಗಳು ಇವೇ. ಅನಂತರ ಸ್ಪಾರ್ಕ್ ಪ್ಲಗ್ ಮತ್ತು ಎಂಜಿನ್ ಉಷ್ಣಾಂಶದ ಸಂವೇದಕವನ್ನು ನೋಡಬೇಕು. ಸಿಎನ್‌ಜಿ ಮತ್ತು ಪೆಟ್ರೋಲ್ ಎರಡನ್ನೂ ಬಳಸುವ ಅನೇಕ ವಾಹನಗಳು ತಣ್ಣಗಿದ್ದಾಗ ಪೆಟ್ರೋಲಿನಲ್ಲಿ ಚಾಲೂ ಆಗಿ ಆಮೇಲೆ ಅನಿಲಕ್ಕೆ ಬದಲಾಗುತ್ತವೆ. ಉಳಿತಾಯದ ಹೆಸರಿನಲ್ಲಿ ಪೆಟ್ರೋಲ್ ಟ್ಯಾಂಕನ್ನು ಬರಿದಾಗಿಟ್ಟರೆ ಮುಂಜಾನೆಯ ತೊಂದರೆ ಖಚಿತ.

ಕಸದ ವಾಹನದ ಬ್ಯಾಟರಿ ಬೇಗ ಬರಿದಾಗುವುದೇಕೆ?

ಸ್ವಚ್ಛ ವಾಹಿನಿಯ ಕೆಲಸದ ರೀತಿ ಬೇರೆ ಸರಕು ವಾಹನದಂತಲ್ಲ. ಅದು ಮನೆಯಿಂದ ಮನೆಗೆ ನಿಂತು ನಿಂತು ಸಾಗುತ್ತದೆ. ಒಂದು ಚಾಲನೆಗೆ 200 ಆಂಪಿಯರ್‌ನಂತೆ 3 ಸೆಕೆಂಡು ಎಂದು ಹಿಡಿದರೆ, ದಿನಕ್ಕೆ 60 ಬಾರಿ ನಿಲ್ಲಿಸಿ ಚಾಲೂ ಮಾಡಿದಾಗ ಬ್ಯಾಟರಿಯಿಂದ ಸುಮಾರು 10 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಧ್ವನಿವರ್ಧಕ 2 ಆಂಪಿಯರ್‌ನಂತೆ 4 ಗಂಟೆ ಹಾಡಿದರೆ ಇನ್ನೂ 8. ಎರಡೂ ಸೇರಿ 18; 50 ಆಂಪಿಯರ್-ಗಂಟೆಯ ಬ್ಯಾಟರಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ನಿಧಾನಗತಿಯಲ್ಲಿ ಓಡುವ ಎಂಜಿನ್‌ನ ಆಲ್ಟರ್ನೇಟರ್ ಅದನ್ನು ಪೂರ್ತಿ ಮರುಭರ್ತಿ ಮಾಡಲಾರದು. ಕೊರತೆ ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆದುಹೋದದ್ದು ಪುಷ್ಯ ಮಾಸದ ಮುಂಜಾನೆ ನಡೆಯುವುದಿಲ್ಲ.

ಮತ್ತೊಂದು ಸೋರಿಕೆ ವಾಹನ ನಿಂತಿರುವಾಗ ಆಗುವಂಥದ್ದು. ಧ್ವನಿವರ್ಧಕ, ಜಿಪಿಎಸ್ ಮುಂತಾದ ಉಪಕರಣಗಳನ್ನು ಸ್ಥಳೀಯವಾಗಿ ಅಳವಡಿಸುವಾಗ ಕೀಲಿಯ ಹತೋಟಿಗೆ ಸೇರಿಸದೆ ನೇರವಾಗಿ ಬ್ಯಾಟರಿಗೆ ಜೋಡಿಸುವುದುಂಟು. ಕೀಲಿ ತೆಗೆದ ಮೇಲೂ ಅವು ವಿದ್ಯುತ್ ಎಳೆಯುತ್ತವೆ. ಸಹಜವಾದ ಎಳೆತ ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗಿರುತ್ತದೆ. ಅದು 500ಕ್ಕೆ ಏರಿದರೆ ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗಿನ 42 ಗಂಟೆಗಳಲ್ಲಿ 21 ಆಂಪಿಯರ್-ಗಂಟೆ ಸೋರಿಹೋಗುತ್ತದೆ. ಲಾಗ್ ಪುಸ್ತಕದಲ್ಲಿ ದೂರುಗಳು ಸೋಮವಾರಗಳಂದೇ ಕಂಡುಬಂದರೆ ಬ್ಯಾಟರಿ ಬದಲಿಸುವ ಮೊದಲು ಈ ಜೋಡಣೆಯನ್ನು ನೋಡಬೇಕು. ವಾರಕ್ಕೊಮ್ಮೆ ಪಂಚಾಯಿತಿ ಕಚೇರಿಯಲ್ಲಿಯೇ ಚಾರ್ಜರ್‌ನಿಂದ ರಾತ್ರಿಯಿಡೀ ಬ್ಯಾಟರಿ ತುಂಬಿಸುವುದು ಕೊರತೆಯನ್ನು ನೀಗಿಸುವ ಸುಲಭ ಮಾರ್ಗ. ಆ ಕೊಠಡಿಯಲ್ಲಿ ಗಾಳಿಯಾಡಬೇಕು, ಬೆಂಕಿ ಕಡ್ಡಿ, ಬೀಡಿ ಹತ್ತಿರ ಸುಳಿಯಬಾರದು. ಚಾರ್ಜ್ ಆಗುವ ಬ್ಯಾಟರಿಯಿಂದ ಸ್ಫೋಟಕ ಜಲಜನಕ ಹೊರಬರುತ್ತದೆ.

ಮಾಡಬಾರದ ಕೆಲಸಗಳು

ಗಾಳಿ ಎಳೆಯುವ ಕೊಳವೆಯ ಬಾಯಿಗೆ ಸೀಮೆಎಣ್ಣೆ ಬಟ್ಟೆ ಉರಿಸಿ ಹಿಡಿಯುವುದು, ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು ಇವು ಕೆಲವೆಡೆ ಇನ್ನೂ ಉಳಿದಿರುವ ರೂಢಿಗಳು. ವಾಹನವೇ ಹೊತ್ತಿ ಉರಿಯುವ ಅಪಾಯ ಇದರಲ್ಲಿದೆ. ಗ್ಲೋ ಪ್ಲಗ್ ಇರುವ ಎಂಜಿನ್‌ಗೆ ಚಾಲನಾ ಸ್ಪ್ರೇ ಹೊಡೆಯುವುದೂ ಅಷ್ಟೇ ಅಪಾಯಕರ. ಕಾಯ್ದ ಪ್ಲಗ್‌ಗೆ ಆ ಆವಿ ತಗಲಿ ಅಕಾಲದಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದರಿಂದ ಪಂಪು ಮತ್ತು ಇಂಜೆಕ್ಟರ್‌ಗಳಿಗೆ ಬೇಕಾದ ಜಾರುಗುಣ ಕೆಡುತ್ತದೆ. ಕೀಲಿಯನ್ನು ಹತ್ತು ಹದಿನೈದು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ತಿರುಗಿಸಿ ಹಿಡಿಯಬಾರದು. ಪ್ರತಿ ಪ್ರಯತ್ನದ ನಡುವೆ ಒಂದು ನಿಮಿಷ ಬಿಡುವಿರಬೇಕು. ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡುವಾಗ ಬ್ರೇಕಿನ ಸಹಾಯಕ ಶಕ್ತಿ ಇರುವುದಿಲ್ಲ ಎಂಬ ಎಚ್ಚರ ಬೇಕು; ಶಾಲಾ ಮಕ್ಕಳಿಂದ ವಾಹನ ತಳ್ಳಿಸುವುದಂತೂ ಕೂಡದು.

ಬೇರೊಂದು ವಾಹನದ ಬ್ಯಾಟರಿಯ ನೆರವು ಪಡೆಯುವಾಗ ಮೊದಲು ಧನಕ್ಕೆ ಧನ ಜೋಡಿಸಬೇಕು. ಆಮೇಲೆ ಋಣದ ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಗೆ, ಇನ್ನೊಂದು ತುದಿಯನ್ನು ನಿಂತ ವಾಹನದ ಬ್ಯಾಟರಿಯಿಂದ ದೂರವಿರುವ ಎಂಜಿನ್ ಲೋಹಕ್ಕೆ ಜೋಡಿಸಬೇಕು. ಕೊನೆಯ ಜೋಡಣೆಯಲ್ಲಿ ಹಾರುವ ಕಿಡಿ ಬ್ಯಾಟರಿಯ ಬಳಿ ಹಾರದಿರಲೆಂದೇ ಈ ಕ್ರಮ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ದುರಸ್ತಿ ಬಿಲ್ಲು ಸಭೆಯ ಮುಂದೆ ಬಂದಾಗ ಸದಸ್ಯರು ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು.

1. ಪರೀಕ್ಷೆ ನಡೆದಾಗ ವಾಹನ ಎಷ್ಟು ಗಂಟೆ ನಿಂತಿತ್ತು? ಮೊದಲ ಚಾಲನೆಯನ್ನು ಮೆಕ್ಯಾನಿಕ್ ಕಣ್ಣಾರೆ ನೋಡಿದ್ದಾರೆಯೇ?

2. ಚಾಲಕಿ ಲಾಗ್ ಪುಸ್ತಕದಲ್ಲಿ ಸದ್ದು, ಹೊಗೆ ಮತ್ತು ಚಾಲನೆಯ ನಂತರದ ನಡವಳಿಕೆಯ ಬಗ್ಗೆ ಏನು ಬರೆದಿದ್ದಾರೆ? ಬಿಲ್ಲಿನಲ್ಲಿರುವ ಬಿಡಿಭಾಗ ಆ ಲಕ್ಷಣಕ್ಕೆ ಹೊಂದುತ್ತದೆಯೇ?

3. ಬದಲಿಸುವ ಮುನ್ನ ಅಳೆದ ಅಂಕಿ ಏನು? ಬದಲಿಸಿದ ನಂತರದ ಅಂಕಿ ಏನು?

4. ತೆಗೆದ ಹಳೆಯ ಬಿಡಿಭಾಗ ಎಲ್ಲಿದೆ? ದಾಸ್ತಾನು ವಹಿಯಲ್ಲಿ ಅದನ್ನು ನಮೂದಿಸಲಾಗಿದೆಯೇ? ಬ್ಯಾಟರಿಯಾದರೆ, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಆಶಯದಂತೆ ಅದು ಅಧಿಕೃತ ಮಾರ್ಗದಲ್ಲಿ ಹಿಂದಿರುಗಿದೆಯೇ?

5. ಬದಲಿಸಿದ ಭಾಗಕ್ಕೆ ಖಾತರಿ ಅವಧಿ ಇದೆಯೇ? ಖಾತರಿ ಚೀಟಿ ಕಚೇರಿಯ ಕಡತದಲ್ಲಿದೆಯೇ?

ಇವುಗಳಲ್ಲಿ ಯಾವುದೂ ಮೆಕ್ಯಾನಿಕ್ ಅವರ ಪ್ರಾಮಾಣಿಕತೆಯನ್ನು ಸಂಶಯಿಸುವ ಪ್ರಶ್ನೆಯಲ್ಲ. ಕಟ್ಟಡದ ಬಿಲ್ಲಿಗೆ ಅಳತೆ ಪುಸ್ತಕ ಕೇಳುವುದು ಎಷ್ಟು ಸಹಜವೋ, ವಾಹನ ದುರಸ್ತಿಗೆ ವೋಲ್ಟ್ ಮತ್ತು ಓಮ್ ಕೇಳುವುದೂ ಅಷ್ಟೇ ಸಹಜವಾಗಬೇಕು. ಅಳತೆಯಿರುವ ಬಿಲ್ಲು ಲೆಕ್ಕಪರಿಶೋಧನೆಯ ಮುಂದೆಯೂ ಗ್ರಾಮಸಭೆಯ ಮುಂದೆಯೂ ನಿಲ್ಲುತ್ತದೆ.

ಒಂದೇ ಚಳಿಗಾಲದಲ್ಲಿ ಒಂದು ವಾಹನಕ್ಕೆ ಬ್ಯಾಟರಿಯೂ ಸ್ಟಾರ್ಟರೂ ಬದಲಾಗಿ, ಕೊನೆಗೆ ದೋಷ ಭೂಸಂಪರ್ಕ ಪಟ್ಟಿಯ ತುಕ್ಕಿನಲ್ಲಿತ್ತು ಎಂದು ತಿಳಿಯುವ ಸಂದರ್ಭಗಳು ಈ ವೃತ್ತಿಯಲ್ಲಿ ಅಪರೂಪವಲ್ಲ. ಅಲ್ಲಿ ವ್ಯರ್ಥವಾದ ಹಣದಲ್ಲಿ ಪಂಚಾಯಿತಿಯ ಬೀದಿದೀಪಗಳನ್ನು ಸರಿಪಡಿಸಬಹುದಿತ್ತು, ಚಾಲಕಿಯ ಬಾಕಿ ಗೌರವಧನವನ್ನು ಸಕಾಲದಲ್ಲಿ ನೀಡಬಹುದಿತ್ತು.

ಕಾರ್ತಿಕ ಮಾಸ ಮುಗಿಯುವುದರೊಳಗೆ ಪ್ರತಿ ಗ್ರಾಮ ಪಂಚಾಯಿತಿಯೂ ಮೂರು ಕೆಲಸಗಳನ್ನು ಮುಗಿಸಿಕೊಳ್ಳುವುದು ಸೂಕ್ತ: ಒಂದು ಮಲ್ಟಿಮೀಟರ್ ಖರೀದಿಸಿ ಚಾಲಕಿಗೂ ನೀರುಗಂಟಿಗೂ ಅದರ ಬಳಕೆ ಕಲಿಸುವುದು, ಬ್ಯಾಟರಿ ಕಂಬಗಳನ್ನೂ ಭೂಸಂಪರ್ಕ ಪಟ್ಟಿಯನ್ನೂ ಶುಚಿಗೊಳಿಸಿ ಬಿಗಿಗೊಳಿಸುವುದು, ಲಾಗ್ ಪುಸ್ತಕದಲ್ಲಿ ಮೊದಲ ಚಾಲನೆಗೆ ಒಂದು ಅಂಕಣ ಸೇರಿಸುವುದು. ಇದಿಷ್ಟು ನಡೆದರೆ ಮುಂದಿನ ಚಳಿಗಾಲದಲ್ಲಿ ದೂರು ಬಂದರೂ ಅದಕ್ಕೆ ಉತ್ತರ ಹುಡುಕುವ ದಾರಿ ಸಿದ್ಧವಿರುತ್ತದೆ, ಮತ್ತು ಆ ದಾರಿ ಚಾಲಕಿಯ ಮಾತನ್ನು ಕೇಳುವುದರಿಂದ ಆರಂಭವಾಗುತ್ತದೆ.